ಬಚ್ಚಲಿನ ಬೂಷ್ಟು: ವಿನೆಗರ್ ಎಲ್ಲಿ ಸಾಕು, ಬ್ಲೀಚ್ ಎಲ್ಲಿ ಬೇಕು

ಟೈಲ್ಸ್ ಸಂದಿನಲ್ಲಿ ಕಪ್ಪು ಚುಕ್ಕೆ ಕಂಡ ಕೂಡಲೇ ಕೈಗೆ ಸಿಕ್ಕ ಬಾಟಲಿ ಸುರಿದು ಗಸಗಸ ಉಜ್ಜುವುದು ಹೆಚ್ಚಿನವರ ಅಭ್ಯಾಸ. ಗೋಡೆ ಬೆಳ್ಳಗಾಗುತ್ತದೆ. ಎರಡು ಮೂರು ವಾರ ಕಳೆಯುವಷ್ಟರಲ್ಲಿ ಅದೇ ಜಾಗದಲ್ಲಿ ಅದೇ ಚುಕ್ಕೆ. ಆಗ ವಿನೆಗರ್ ಹಾಕಿದ್ದವರು ‘ಇದಕ್ಕೆ ಕೆಮಿಕಲ್ಲೇ ಆಗಬೇಕು’ ಅನ್ನುತ್ತಾರೆ, ಬ್ಲೀಚ್ ಹಾಕಿದ್ದವರು ‘ಇನ್ನೂ ಸ್ಟ್ರಾಂಗ್ ಇರುವುದು ಬೇಕು’ ಅನ್ನುತ್ತಾರೆ.

ನೈಸರ್ಗಿಕವೋ ರಾಸಾಯನಿಕವೋ ಎಂಬ ಪ್ರಶ್ನೆಗೆ ಇಡೀ ಬಚ್ಚಲಿಗೆ ಒಂದೇ ಉತ್ತರ ಕೊಡಲು ಬರುವುದಿಲ್ಲ. ಬೂಷ್ಟು ಯಾವುದರ ಮೇಲೆ ಕೂತಿದೆ ಅನ್ನುವುದನ್ನು ನೋಡಿ ಆರಿಸಬೇಕು. ನುಣುಪು ಟೈಲ್ಸ್‌ಗೆ ಒಂದು, ಸಿಮೆಂಟ್ ಸಂದಿಗೆ ಇನ್ನೊಂದು, ಸಿಲಿಕೋನ್ ಪಟ್ಟಿಗೆ ಮತ್ತೊಂದು, ಅಮೃತಶಿಲೆಗೆ ಬೇರೆಯೇ ಒಂದು. ಯಾವುದನ್ನೇ ಹಾಕಿದರೂ ತೇವ ಹಾಗೇ ಉಳಿದರೆ ಬೂಷ್ಟು ವಾಪಸ್ ಬರುತ್ತದೆ.

ಮೊದಲು ಅದು ಬೂಷ್ಟೇ ಹೌದೇ ನೋಡಿ

ಬಚ್ಚಲಲ್ಲಿ ಕಾಣುವ ಕಲೆಯೆಲ್ಲ ಬೂಷ್ಟಲ್ಲ. ಕಪ್ಪು, ಕಡುಹಸಿರು ಅಥವಾ ಕಂದು ಚುಕ್ಕೆಗಳು ಗುಂಪಾಗಿ ಹರಡಿದ್ದರೆ ಅದು ಶಿಲೀಂಧ್ರ. ಬಕೆಟ್ ತಳ, ನಲ್ಲಿಯ ಬುಡ, ಸೋಪಿನ ಡಬ್ಬಿಯಲ್ಲಿ ಗುಲಾಬಿ ಅಥವಾ ಕಿತ್ತಳೆ ಬಣ್ಣದ ಲೋಳೆ ಕಂಡರೆ ಅದು ಬಹುಪಾಲು ಬ್ಯಾಕ್ಟೀರಿಯಾ. ಸಾಮಾನ್ಯವಾಗಿ ಸೆರಾಶಿಯಾ ಮಾರ್ಸೆಸೆನ್ಸ್ ಎಂಬ ಜಾತಿ, ಸೋಪಿನ ಪಸೆ ತಿಂದು ಬದುಕುವಂಥದ್ದು. ಸೋಪು ನೀರಿನಲ್ಲಿ ಉಜ್ಜಿದರೆ ಸಲೀಸಾಗಿ ಹೋಗುತ್ತದೆ, ಆಮೇಲೆ ಸೋಂಕುನಾಶಕದಿಂದ ಒರೆಸಿದರೆ ಮುಗಿಯಿತು. ಗೋಡೆಯ ಮೇಲೆ ಬಿಳಿ ಪುಡಿಯಂತೆ ಎದ್ದಿರುವುದು ಹಲವು ಸಲ ಸಿಮೆಂಟಿನೊಳಗಿಂದ ನೀರಿನ ಜೊತೆ ಹೊರಬಂದ ಲವಣ. ಒಂದು ಹನಿ ನೀರು ಹಾಕಿ ಬೆರಳಿನಿಂದ ತೀಡಿ: ಕರಗಿ ಮಾಯವಾದರೆ ಲವಣ, ಮೆತ್ತಗಾಗಿ ಜಾರಿದರೆ ಬೂಷ್ಟು. ಲವಣ ಎದ್ದಿದೆ ಅಂದರೆ ಗೋಡೆಯೊಳಗೆ ನೀರು ಓಡಾಡುತ್ತಿದೆ ಎಂದೇ ಅರ್ಥ, ಅದಕ್ಕೆ ಶುಚಿಗೊಳಿಸುವ ದ್ರವದಿಂದ ಪರಿಹಾರವಿಲ್ಲ.

ಕಪ್ಪು ಕಲೆ ಕೊಳೆಯೋ ಬೂಷ್ಟೋ ಎಂಬ ಅನುಮಾನವಿದ್ದರೆ ಹತ್ತಿಯ ತುದಿಯಿಂದ ಒಂದು ಹನಿ ಬ್ಲೀಚ್ ಮುಟ್ಟಿಸಿ. ಒಂದೆರಡು ನಿಮಿಷದಲ್ಲಿ ಕಲೆ ತಿಳಿಯಾದರೆ ಬೂಷ್ಟು, ಹಾಗೇ ಕಪ್ಪಾಗಿ ಕೂತಿದ್ದರೆ ಹೆಚ್ಚಾಗಿ ಬರೀ ಕೊಳೆ. ಬಣ್ಣ ನೋಡಿ ಯಾವ ಜಾತಿ ಎಂದು ಹೇಳಲು ಬರುವುದಿಲ್ಲ. ‘ಕಪ್ಪು ಇದ್ದರೆ ಭಯಂಕರ ವಿಷ, ಹಸಿರಿದ್ದರೆ ಪರವಾಗಿಲ್ಲ’ ಎಂಬ ಮಾತನ್ನು ನಂಬಬೇಡಿ. ಬಚ್ಚಲಲ್ಲಿ ಹೆಚ್ಚಾಗಿ ಸಿಗುವ ಕ್ಲಾಡೋಸ್ಪೋರಿಯಂ, ಆರಿಯೋಬೆಸಿಡಿಯಂ ಎರಡೂ ಕಪ್ಪಾಗಿಯೇ ಕಾಣುತ್ತವೆ. ಯಾವುದಿದ್ದರೂ ತೆಗೆಯುವ ಕ್ರಮ ಒಂದೇ.

ಇನ್ನೊಂದು ಪರೀಕ್ಷೆ ಇದೆ, ಇದಕ್ಕೆ ಒಂದೆರಡು ದಿನ ಬೇಕು. ಬೂಷ್ಟು ಬರುವ ಗೋಡೆಯ ಭಾಗವನ್ನು ಒಣಗಿಸಿ, ಅಂಗೈಯಗಲದ ಎರಡರಷ್ಟು ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಬದಿಗೆ ಟೇಪ್ ಹಾಕಿ ಅಂಟಿಸಿ. 24ರಿಂದ 48 ಗಂಟೆ ಬಿಡಿ. ಹಾಳೆಯ ಹೊರಮೈಯಲ್ಲಿ ಹನಿ ಕೂತಿದ್ದರೆ ಅದು ಸ್ನಾನದ ಹಬೆ, ಗಾಳಿಯಾಡಿಸಿದರೆ ಸರಿಹೋಗುತ್ತದೆ. ಹಾಳೆಯ ಒಳಮೈಯಲ್ಲಿ, ಗೋಡೆಯ ಕಡೆ ನೀರು ಕಂಡರೆ ಗೋಡೆಯೇ ಒದ್ದೆ: ಪೈಪ್ ಸೋರುತ್ತಿರಬಹುದು, ಮೇಲಿನಿಂದಲೋ ಪಕ್ಕದಿಂದಲೋ ನೀರು ಇಳಿಯುತ್ತಿರಬಹುದು. ಅಂಥ ಗೋಡೆಯನ್ನು ಉಜ್ಜುವ ಮೊದಲು ಪ್ಲಂಬರ್ ಕರೆಸಿ.

ಹತ್ತಿರದಿಂದ ನೋಡಿದರೆ

ಒಂದು ಟಾರ್ಚನ್ನು ಗೋಡೆಗೆ ಒತ್ತಿ ಹಿಡಿದು, ಬೆಳಕು ಓರೆಯಾಗಿ ಹರಿಯುವಂತೆ ಮಾಡಿ ಟೈಲ್ಸ್ ಸಂದಿಯನ್ನು ನೋಡಿ. ನೇರ ಬೆಳಕಿನಲ್ಲಿ ಸಪಾಟಾಗಿ ಕಂಡ ಸಂದು ಈಗ ಸಣ್ಣ ಗುಂಡಿಗಳ ಸಾಲಾಗಿ ಕಾಣುತ್ತದೆ. ಆ ಗುಂಡಿಗಳ ಅಂಚಿನಲ್ಲಿ ಬಿಳಿಚಿದ ಜಿಡ್ಡು, ಜಿಡ್ಡಿನ ಮೇಲೆ ನವಿರಾದ ಕಪ್ಪು. ಬೂಷ್ಟು ಟೈಲ್ಸನ್ನೂ ಸಿಮೆಂಟನ್ನೂ ತಿನ್ನುವುದಿಲ್ಲ. ಅದರ ಆಹಾರ ಆ ಜಿಡ್ಡು: ಸೋಪಿನ ಪಸೆ, ಮೈಯ ಎಣ್ಣೆ, ಉದುರಿದ ಚರ್ಮದ ಪುಡಿ, ಧೂಳು. ಮೇಲೆ ಕಾಣುವುದು ಬೀಜಕಣಗಳ ರಾಶಿ, ಬೂಷ್ಟಿನ ಬೇರಿನಂಥ ಎಳೆಗಳು ಆ ಗುಂಡಿಗಳೊಳಗೆ ಇಳಿದಿರುತ್ತವೆ.

ಇದರಿಂದ ಎರಡು ವಿಷಯ ತಿಳಿಯುತ್ತದೆ. ಮೊದಲನೆಯದು, ಜಿಡ್ಡು ತೆಗೆಯದೆ ಏನು ಹಾಕಿದರೂ ಅದರ ಅರ್ಧ ಶಕ್ತಿ ಜಿಡ್ಡಿನ ಮೇಲೆಯೇ ಖರ್ಚಾಗುತ್ತದೆ. ಬ್ಲೀಚ್‌ಗಂತೂ ಇದು ದೊಡ್ಡ ದೌರ್ಬಲ್ಯ. ಎರಡನೆಯದು, ಬಣ್ಣ ಹೋಗುವುದೂ ಬೂಷ್ಟು ಸಾಯುವುದೂ ಒಂದೇ ಅಲ್ಲ. ಬೂಷ್ಟಿನ ಕಪ್ಪು ಬಣ್ಣ ಮೆಲನಿನ್ ಎಂಬ ವರ್ಣದ್ರವ್ಯದ್ದು. ಬ್ಲೀಚ್ ಈ ಬಣ್ಣವನ್ನು ಬೇಗ ಅಳಿಸಿಬಿಡುತ್ತದೆ, ಆಳದಲ್ಲಿರುವ ಎಳೆಗಳು ಬದುಕಿದ್ದರೂ ಗೋಡೆ ಬೆಳ್ಳಗೆ ಕಾಣುತ್ತದೆ. ವಿನೆಗರ್‌ನದು ತದ್ವಿರುದ್ಧ: ಬೂಷ್ಟು ಸತ್ತರೂ ಕಲೆ ಮಸುಕಾಗಿ ಉಳಿಯುತ್ತದೆ, ಬಳಸಿದವರಿಗೆ ‘ಏನೂ ಆಗಲಿಲ್ಲ’ ಅನ್ನಿಸುತ್ತದೆ. ಸತ್ತ ಬೂಷ್ಟು ಕೂಡ ಅಲರ್ಜಿ ಇರುವವರಿಗೆ ತೊಂದರೆ ಕೊಡುತ್ತದೆ. ಆದ್ದರಿಂದ ಕೊಂದ ಮೇಲೆ ಉಜ್ಜಿ, ತೊಳೆದು, ಒರೆಸಿ ಹೊರಹಾಕುವುದು ಕೆಲಸದ ಮುಖ್ಯ ಭಾಗ.

ನೈಸರ್ಗಿಕ ಎನ್ನುವವುಗಳಲ್ಲಿ ಯಾವುದಕ್ಕೆ ಎಷ್ಟು ಬಲ

ಬಿಳಿ ವಿನೆಗರ್. ಅಡುಗೆಗೆ ಬಳಸುವ ಬಾಟಲಿಯಲ್ಲಿ ಶೇ. 4ರಿಂದ 5ರಷ್ಟು ಅಸಿಟಿಕ್ ಆಮ್ಲ ಇರುತ್ತದೆ. ಅದೇ ಈಗಾಗಲೇ ತೆಳು, ಮತ್ತೆ ನೀರು ಬೆರೆಸಿದರೆ ಕೆಲಸಕ್ಕೆ ಬಾರದು. ಬೆರೆಸದೆ ಹಾಗೇ ಸ್ಪ್ರೇ ಬಾಟಲಿಗೆ ತುಂಬಿ, ಜಾಗ ಪೂರ್ತಿ ನೆನೆಯುವಂತೆ ಸಿಂಪಡಿಸಿ, ಒಂದು ಗಂಟೆ ಬಿಡಬೇಕು. ನಿಂತ ಗೋಡೆಯಲ್ಲಿ ಹತ್ತು ನಿಮಿಷಕ್ಕೇ ಜಾರಿ ಒಣಗುತ್ತದೆ, ಅದಕ್ಕೆ ಟಿಶ್ಯೂ ಕಾಗದವನ್ನು ವಿನೆಗರ್‌ನಲ್ಲಿ ಅದ್ದಿ ಅಂಟಿಸಿ. ಎಲ್ಲ ಜಾತಿಯ ಬೂಷ್ಟಿನ ಮೇಲೂ ಇದು ಒಂದೇ ರೀತಿ ಕೆಲಸ ಮಾಡುವುದಿಲ್ಲ: ಪೆನಿಸಿಲಿಯಂ ಕ್ರೈಸೋಜೀನಂ ಎಂಬುದನ್ನು ತಡೆಯುತ್ತದೆ, ಆಸ್ಪರ್ಜಿಲಸ್ ಫ್ಯೂಮಿಗೇಟಸ್ ಇದಕ್ಕೆ ಜಗ್ಗುವುದಿಲ್ಲ. ಒಂದೆರಡು ಸಲ ಸರಿಯಾಗಿ ಹಾಕಿಯೂ ಫಲ ಕಾಣದಿದ್ದರೆ ಮೂರನೇ ಸಲ ಹಾಕುತ್ತಾ ಕೂರಬೇಡಿ, ಬೇರೆಯದಕ್ಕೆ ಹೋಗಿ. ಅಮೃತಶಿಲೆ, ಸುಣ್ಣದ ಕಲ್ಲಿನ ಮೇಲೆ ವಿನೆಗರ್ ಬಿದ್ದರೆ ಹೊಳಪು ಹೋಗಿ ಮಂಕು ಗುರುತು ಉಳಿಯುತ್ತದೆ. ಅದು ಕಲೆಯಲ್ಲ, ಕಲ್ಲೇ ಕರಗಿರುತ್ತದೆ. ಪಾಲಿಶ್ ಮಾಡಿಸದೆ ಹೋಗುವುದಿಲ್ಲ. ಸಿಮೆಂಟ್ ಸಂದನ್ನೂ ಆಮ್ಲ ಸ್ವಲ್ಪ ಸ್ವಲ್ಪವೇ ಸವೆಸುತ್ತದೆ, ವಾರವಾರವೂ ವಿನೆಗರ್ ಹಾಕಿದರೆ ಸಂದು ಒರಟಾಗಿ ಬೂಷ್ಟಿಗೆ ಇನ್ನಷ್ಟು ಗುಂಡಿ ಸಿಗುತ್ತದೆ.

ಅಡುಗೆ ಸೋಡಾ. ಇದು ಬೂಷ್ಟನ್ನು ಕೊಲ್ಲುವುದರಲ್ಲಿ ದುರ್ಬಲ, ಉಜ್ಜುವುದಕ್ಕೆ ಒಳ್ಳೆಯದು. ಮೂರು ಚಮಚ ಸೋಡಾಕ್ಕೆ ಒಂದು ಚಮಚ ನೀರು ಹಾಕಿ ಗಟ್ಟಿ ಹದಕ್ಕೆ ಕಲಸಿ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತೀಡಿ. ಟೈಲ್ಸ್‌ಗೆ ಗೀರು ಬೀಳುವುದಿಲ್ಲ, ವಾಸನೆಯನ್ನೂ ಹೀರುತ್ತದೆ. ವಿನೆಗರ್ ಮತ್ತು ಸೋಡಾ ಒಟ್ಟಿಗೆ ಹಾಕಿ ನೊರೆ ಬರಿಸುವ ಪದ್ಧತಿ ಬಹಳ ಜನಪ್ರಿಯ. ಆಮ್ಲವೂ ಕ್ಷಾರವೂ ಸೇರಿ ಒಂದನ್ನೊಂದು ರದ್ದು ಮಾಡಿಕೊಳ್ಳುತ್ತವೆ, ಉಳಿಯುವುದು ಸೋಡಿಯಂ ಅಸಿಟೇಟ್ ಕರಗಿದ ನೀರು, ಜೊತೆಗೆ ಇಂಗಾಲದ ಡೈಆಕ್ಸೈಡ್ ಗುಳ್ಳೆ. ಮೊದಲು ವಿನೆಗರ್ ಹಾಕಿ ಒಂದು ಗಂಟೆ ಬಿಟ್ಟು, ತೊಳೆದು, ಆಮೇಲೆ ಸೋಡಾ ಹಾಕಿ ಉಜ್ಜಿದರೆ ಎರಡರ ಪ್ರಯೋಜನವೂ ಸಿಗುತ್ತದೆ.

ಹೈಡ್ರೋಜನ್ ಪೆರಾಕ್ಸೈಡ್, ಶೇ. 3ರದ್ದು. ಔಷಧ ಅಂಗಡಿಯಲ್ಲಿ ಕಂದು ಬಾಟಲಿಯಲ್ಲಿ ಸಿಗುವುದು ಇದೇ. ಇದು ಕೂಡ ರಾಸಾಯನಿಕವೇ, ಆದರೆ ಕೆಲಸ ಮುಗಿದ ಮೇಲೆ ನೀರು ಮತ್ತು ಆಮ್ಲಜನಕವಾಗಿ ಒಡೆಯುವುದರಿಂದ ಸೌಮ್ಯದ ಪಟ್ಟಿಗೆ ಸೇರಿಸುತ್ತೇವೆ. ಬೂಷ್ಟನ್ನೂ ಕೊಲ್ಲುತ್ತದೆ, ಬಣ್ಣವನ್ನೂ ತಕ್ಕಮಟ್ಟಿಗೆ ತೆಗೆಯುತ್ತದೆ, ಉಸಿರುಗಟ್ಟಿಸುವ ವಾಸನೆ ಇಲ್ಲ. ಬೆರೆಸದೆ ಸಿಂಪಡಿಸಿ 10ರಿಂದ 15 ನಿಮಿಷ ಬಿಟ್ಟು ಉಜ್ಜಿ. ಮನೆಯಲ್ಲಿ ಉಬ್ಬಸದವರಿದ್ದರೆ ನಮ್ಮ ಮೊದಲ ಆಯ್ಕೆ ಇದು. ಬೆಳಕು ಬಿದ್ದರೆ ಶಕ್ತಿ ಕಳೆದುಕೊಳ್ಳುತ್ತದೆ, ಪಾರದರ್ಶಕ ಬಾಟಲಿಗೆ ಸುರಿದಿಡಬೇಡಿ. ಹಳೆಯ ಬಾಟಲಿಯಲ್ಲಿ ಇನ್ನೂ ಸತ್ವವಿದೆಯೇ ಎಂದು ತಿಳಿಯಲು ಹೆಚ್ಚಿದ ಆಲೂಗಡ್ಡೆಯ ಚೂರಿನ ಮೇಲೆ ನಾಲ್ಕು ಹನಿ ಹಾಕಿ: ಬುರುಬುರು ನೊರೆ ಬಂದರೆ ಬಳಸಬಹುದು, ಸುಮ್ಮನಿದ್ದರೆ ಅದು ಬರೀ ನೀರು. ಬಣ್ಣದ ಬಟ್ಟೆಯ ಮೇಲೆ ಸಿಡಿಯದಂತೆ ನೋಡಿಕೊಳ್ಳಿ.

ಬಿಳಿಗಾರ, ಅಂದರೆ ಬೋರಾಕ್ಸ್. ಒಂದು ಲೀಟರ್ ಬಿಸಿ ನೀರಿಗೆ 50 ಗ್ರಾಂ. ತಣ್ಣೀರಿನಲ್ಲಿ ಅಷ್ಟು ಪೂರ್ತಿ ಕರಗದೆ ತಳದಲ್ಲಿ ಕೂರುತ್ತದೆ. ಹಚ್ಚಿ, ಉಜ್ಜಿ, ಎದ್ದ ಕೊಳೆಯನ್ನು ಒರೆಸಿ, ತೆಳುವಾದ ಪದರವನ್ನು ತೊಳೆಯದೆ ಬಿಟ್ಟರೆ ಮತ್ತೆ ಬೆಳೆಯುವುದನ್ನು ತಡೆಯುತ್ತದೆ. ಆದರೆ ಖನಿಜ ಎಂಬ ಮಾತ್ರಕ್ಕೆ ನಿರಪಾಯ ಎಂದುಕೊಳ್ಳಬೇಡಿ. ನುಂಗಿದರೆ ವಿಷ, ಯುರೋಪಿಯನ್ ಒಕ್ಕೂಟ ಇದನ್ನು ಸಂತಾನಶಕ್ತಿಗೆ ಹಾನಿ ಮಾಡಬಹುದಾದ ವಸ್ತುಗಳ ಸಾಲಿಗೆ ಸೇರಿಸಿದೆ. ಅಂಬೆಗಾಲಿಡುವ ಮಕ್ಕಳು, ಸಾಕುಪ್ರಾಣಿಗಳಿರುವ ಮನೆಯಲ್ಲಿ ಬೇಡ.

ಟೀ ಟ್ರೀ ಎಣ್ಣೆ ಬೂಷ್ಟಿನ ಮೇಲೆ ನಿಜಕ್ಕೂ ಪರಿಣಾಮಕಾರಿ. ಒಂದು ಲೋಟ ನೀರಿಗೆ ಒಂದು ಟೀ ಚಮಚ ಎಣ್ಣೆ, ನಾಲ್ಕು ಹನಿ ಪಾತ್ರೆ ತೊಳೆಯುವ ದ್ರವ. ದ್ರವ ಹಾಕದಿದ್ದರೆ ಎಣ್ಣೆ ಮೇಲೆ ತೇಲಿ, ಸಿಂಪಡಿಸಿದಾಗ ಬರೀ ನೀರೇ ಬರುತ್ತದೆ. ಪ್ರತಿ ಸಲ ಕುಲುಕಿ. ಬೆಕ್ಕು ನಾಯಿಗಳಿಗೆ ಇದು ವಿಷ, ಕೆಲವರ ಚರ್ಮಕ್ಕೂ ಆಗುವುದಿಲ್ಲ. ನಿಂಬೆರಸ ವಿನೆಗರ್‌ನಂತೆಯೇ ಆಮ್ಲ, ಸುಣ್ಣದ ಕಲೆಗೆ ಚೆನ್ನ, ಬೂಷ್ಟಿಗೆ ಅದನ್ನು ನೆಚ್ಚಬೇಕಿಲ್ಲ.

ರಾಸಾಯನಿಕಗಳು

ಬ್ಲೀಚ್ ಅಂದರೆ ಸೋಡಿಯಂ ಹೈಪೊಕ್ಲೋರೈಟ್. ಗಾಜು, ಹೊಳಪು ಟೈಲ್ಸ್, ಪಿಂಗಾಣಿಯಂಥ ನೀರು ಹೀರದ ಮೈಮೇಲೆ ಇದರಷ್ಟು ಬೇಗ ಕೆಲಸ ಮಾಡುವುದು ಕಡಿಮೆ. ಮರ, ಜಿಪ್ಸಂ ಹಲಗೆ, ಸುಣ್ಣದ ಗೋಡೆಯಂಥ ಹೀರುವ ಮೈಮೇಲೆ ಕಥೆ ಬೇರೆ: ಕ್ಲೋರಿನ್ ಅಂಶ ಮೇಲ್ಪದರದಲ್ಲೇ ಖರ್ಚಾಗಿ ಮುಗಿಯುತ್ತದೆ, ಜೊತೆಯ ನೀರು ಒಳಗೆ ಇಳಿಯುತ್ತದೆ. ಒಳಗಿದ್ದ ಬೂಷ್ಟಿಗೆ ನೀರು ಕುಡಿಸಿದಂತಾಗುತ್ತದೆ. ಬ್ಲೀಚ್ ಹಾಕಿದ ಮರದ ಬಾಗಿಲು ಕೆಲವೇ ವಾರದಲ್ಲಿ ಮತ್ತೆ ಕಪ್ಪಾಗುವುದು ಇದರಿಂದಲೇ.

ಪ್ರಮಾಣ: ಶೇ. 5ರ ಬ್ಲೀಚ್ ಆದರೆ ಒಂದು ಲೀಟರ್ ತಣ್ಣೀರಿಗೆ 60 ಮಿ.ಲೀ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಬೂಷ್ಟಿಗೆ ಹೇಳುವ ಗರಿಷ್ಠ ಮಿತಿಯೂ ಹೆಚ್ಚುಕಡಿಮೆ ಇಷ್ಟೇ. ಲೇಬಲ್ ಮೇಲೆ ಶೇ. 10 ಎಂದಿದ್ದರೆ 30 ಮಿ.ಲೀ. ಸಾಕು. ಮೊದಲು ನೀರು, ಆಮೇಲೆ ಬ್ಲೀಚ್. ಉಲ್ಟಾ ಮಾಡಿದರೆ ಗಟ್ಟಿ ಬ್ಲೀಚ್ ಮುಖಕ್ಕೆ ಸಿಡಿಯುತ್ತದೆ. ಬಿಸಿನೀರು ಬೇಡವೇ ಬೇಡ: ಬಿಸಿಗೆ ಬ್ಲೀಚ್ ಒಡೆದು ಶಕ್ತಿ ಕಳೆದುಕೊಳ್ಳುತ್ತದೆ, ಘಾಟೂ ಏಳುತ್ತದೆ. ಬೆರೆಸಿದ ದ್ರಾವಣ ಆ ದಿನಕ್ಕೆ ಮಾತ್ರ, ನಾಳೆಗೆ ಎತ್ತಿಡಬೇಡಿ. ಬಾಟಲಿಯಲ್ಲಿರುವ ಬ್ಲೀಚ್ ಕೂಡ ತಿಂಗಳುಗಳು ಕಳೆದಂತೆ, ಅದರಲ್ಲೂ ಸೆಕೆಯ ಜಾಗದಲ್ಲಿಟ್ಟರೆ, ಸತ್ವ ಕಳೆದುಕೊಳ್ಳುತ್ತದೆ. ಬ್ಲೀಚಿಂಗ್ ಪೌಡರ್ ಬಳಸುವವರು ನೀರಿಗೆ ಹಾಕಿ ಕಲಕಿ, ತಳದ ಸುಣ್ಣ ಇಳಿದ ಮೇಲೆ ಮೇಲಿನ ತಿಳಿಯನ್ನಷ್ಟೇ ಬಗ್ಗಿಸಿಕೊಳ್ಳಬೇಕು, ಇಲ್ಲದಿದ್ದರೆ ಸಂದುಗಳಲ್ಲಿ ಸುಣ್ಣ ಕೂತು ಮತ್ತೊಂದು ಕೆಲಸವಾಗುತ್ತದೆ.

ಸೋಡಿಯಂ ಪರ್ಕಾರ್ಬೊನೇಟ್, ‘ಆಕ್ಸಿಜನ್ ಬ್ಲೀಚ್’ ಎಂಬ ಹೆಸರಿನ ಬಿಳಿ ಪುಡಿ. ಇದಕ್ಕೆ ಸಿಗಬೇಕಾದಷ್ಟು ಬೆಲೆ ಸಿಕ್ಕಿಲ್ಲ. ಬಿಸಿನೀರಿಗೆ ಬಿದ್ದರೆ ಹೈಡ್ರೋಜನ್ ಪೆರಾಕ್ಸೈಡ್ ಮತ್ತು ವಾಷಿಂಗ್ ಸೋಡಾ ಆಗಿ ಬಿಚ್ಚಿಕೊಳ್ಳುತ್ತದೆ. ಒಂದು ಬೂಷ್ಟಿಗೆ, ಇನ್ನೊಂದು ಜಿಡ್ಡಿಗೆ. ಕ್ಷಾರವಾದ್ದರಿಂದ ಸಿಮೆಂಟನ್ನು ಸವೆಸುವುದಿಲ್ಲ. ಟೈಲ್ಸ್ ಸಂದಿಗೆ ಇದಕ್ಕಿಂತ ಹೊಂದುವುದು ಇನ್ನೊಂದಿಲ್ಲ ಎನ್ನುವುದು ನಮ್ಮ ಅಭಿಪ್ರಾಯ. ಕೈಗೆ ಬಿಸಿ ತಾಗುವ, ಸುಮಾರು 50 ಡಿಗ್ರಿ ಸೆಲ್ಸಿಯಸ್‌ನ ಒಂದು ಲೀಟರ್ ನೀರಿಗೆ 30 ಗ್ರಾಂ. ತಣ್ಣೀರಿನಲ್ಲಿ ಕೆಲಸ ಮಾಡುವುದು ಬಹಳ ನಿಧಾನ. ಕರಗಿಸಿದ್ದನ್ನು ಬಾಟಲಿಗೆ ತುಂಬಿ ಮುಚ್ಚಳ ಬಿಗಿಯಬೇಡಿ, ಆಮ್ಲಜನಕ ಬಿಡುಗಡೆಯಾಗುತ್ತಲೇ ಇದ್ದು ಬಾಟಲಿ ಒಡೆಯಬಹುದು.

ಬೆನ್ಜಾಲ್ಕೋನಿಯಂ ಕ್ಲೋರೈಡ್ ಇರುವ ಸೋಂಕುನಾಶಕಗಳು ಬಣ್ಣ ತೆಗೆಯುವುದಿಲ್ಲ, ಆದರೆ ಲೋಹವನ್ನೂ ಬಣ್ಣದ ಗೋಡೆಯನ್ನೂ ಕೆಡಿಸುವುದಿಲ್ಲ. ಸೋಪಿನ ಅಂಶ ತಾಗಿದರೆ ನಿಷ್ಕ್ರಿಯವಾಗುತ್ತದೆ. ಸೋಪಿನಿಂದ ಉಜ್ಜಿದ ಮೇಲೆ ಚೆನ್ನಾಗಿ ತೊಳೆದೇ ಇದನ್ನು ಹಚ್ಚಬೇಕು. ಲೇಬಲ್‌ನಲ್ಲಿ ಬರೆದಷ್ಟು ಹೊತ್ತು, ಸಾಮಾನ್ಯವಾಗಿ 10 ನಿಮಿಷ, ಒದ್ದೆಯಾಗಿಯೇ ಇರಬೇಕು.

ಸೇರಿಸಲೇಬಾರದವು

ಈ ಭಾಗವನ್ನು ದಯವಿಟ್ಟು ಓದದೆ ಮುಂದೆ ಹೋಗಬೇಡಿ. ಬ್ಲೀಚ್ ಜೊತೆ ಯಾವುದೇ ಆಮ್ಲ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ವಿನೆಗರ್ ಆಮ್ಲ, ನಿಂಬೆ ಆಮ್ಲ, ಬಹಳಷ್ಟು ಟಾಯ್ಲೆಟ್ ಕ್ಲೀನರ್‌ಗಳಲ್ಲಿ ಇರುವುದು ಹೈಡ್ರೋಕ್ಲೋರಿಕ್ ಆಮ್ಲ. ಕಮೋಡ್‌ಗೆ ಕ್ಲೀನರ್ ಹಾಕಿ ಬಿಟ್ಟು, ಪಕ್ಕದ ಗೋಡೆಗೆ ಬ್ಲೀಚ್ ಹಾಕಿ ತೊಳೆದರೆ ಎರಡೂ ನೆಲದಲ್ಲಿ ಸೇರುತ್ತವೆ. ಅಪಾಯಗಳು ನಡೆಯುವುದು ಹೀಗೆಯೇ. ಅಮೋನಿಯಾ ಇರುವ ಗಾಜಿನ ಕ್ಲೀನರ್ ಜೊತೆ ಬ್ಲೀಚ್ ಸೇರಿದರೆ ಕ್ಲೋರಮೀನ್ ಅನಿಲ. ಮೂತ್ರ ನಿಂತ ಜಾಗದಲ್ಲೂ ಇದೇ ಆಗುತ್ತದೆ, ಮೊದಲು ನೀರು ಹಾಕಿ ತೊಳೆಯಿರಿ. ಸ್ಪಿರಿಟ್ ಜೊತೆ ಸೇರಿದರೆ ಕ್ಲೋರೋಫಾರ್ಮ್ ಹುಟ್ಟುತ್ತದೆ. ವಿನೆಗರ್ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಎರಡೂ ‘ಸೌಮ್ಯ’ ಅನ್ನಿಸಿಕೊಂಡಿದ್ದರೂ ಒಂದೇ ಬಾಟಲಿಯಲ್ಲಿ ಬೆರೆತರೆ ಪೆರಾಸಿಟಿಕ್ ಆಮ್ಲವಾಗಿ ಕಣ್ಣು, ಗಂಟಲು ಸುಡುತ್ತವೆ.

ಒಂದು ದಿನಕ್ಕೆ ಒಂದೇ ದ್ರವ ಎಂಬ ನಿಯಮ ಇಟ್ಟುಕೊಳ್ಳಿ. ಬೇರೆಯದು ಬೇಕೆನಿಸಿದರೆ ಧಾರಾಳ ನೀರಿನಿಂದ ತೊಳೆದು, ಗಾಳಿಯಾಡಿಸಿ, ಮರುದಿನ ಹಾಕಿ. ಬ್ರಷ್, ಬಕೆಟ್, ಸ್ಪ್ರೇ ಬಾಟಲಿಯನ್ನೂ ತೊಳೆಯಬೇಕು. ಘಾಟು ಬಂದು ಕೆಮ್ಮು ಶುರುವಾದರೆ ಸುರಿದದ್ದನ್ನು ಸರಿಮಾಡಲು ನಿಲ್ಲಬೇಡಿ, ತಕ್ಷಣ ಹೊರಗೆ ಬನ್ನಿ. ಉಸಿರಾಟ ಸರಿಹೋಗದಿದ್ದರೆ ಆಸ್ಪತ್ರೆಗೆ ಹೋಗಿ. ಕಣ್ಣಿಗೆ ಸಿಡಿದರೆ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ವೈದ್ಯರಿಗೆ ತೋರಿಸಿ.

ಕೆಲಸದ ಕ್ರಮ

ಉದ್ದ ತೋಳಿನ ರಬ್ಬರ್ ಕೈಗವಸು, ಬದಿ ಮುಚ್ಚಿದ ಕನ್ನಡಕ, ಎನ್-95 ಮಾಸ್ಕ್. ಈ ಮಾಸ್ಕ್ ಬೀಜಕಣವನ್ನು ತಡೆಯುತ್ತದೆ, ಬ್ಲೀಚಿನ ಆವಿಯನ್ನು ತಡೆಯುವುದಿಲ್ಲ. ಕಿಟಕಿ ತೆಗೆದು, ಗಾಳಿ ಹೊರಹಾಕುವ (ಎಕ್ಸಾಸ್ಟ್) ಫ್ಯಾನ್ ಹಾಕಿ, ಮನೆಯೊಳಗಿನ ಕಡೆಯ ಬಾಗಿಲು ಮುಚ್ಚಿ. ಟವೆಲ್, ಬ್ರಷ್, ಸೋಪು ಎಲ್ಲ ಹೊರಗಿಡಿ.

1. ಒಣ ಬೂಷ್ಟನ್ನು ಎಂದೂ ಕೆರೆಯಬೇಡಿ, ಬೀಜಕಣ ಹಾರಿ ಮನೆಯೆಲ್ಲ ಹರಡುತ್ತದೆ. ಮೊದಲು ನೀರು ಚಿಮುಕಿಸಿ ಒದ್ದೆ ಮಾಡಿ.

2. ಒಂದು ಲೀಟರ್ ಉಗುರು ಬೆಚ್ಚಗಿನ ನೀರಿಗೆ ಒಂದು ಟೀ ಚಮಚ ಪಾತ್ರೆ ತೊಳೆಯುವ ದ್ರವ ಹಾಕಿ, ನೈಲಾನ್ ಬ್ರಷ್‌ನಿಂದ ಜಿಡ್ಡು ಬಿಡುವವರೆಗೆ ಉಜ್ಜಿ. ತಂತಿಯ ಬ್ರಷ್ ಬೇಡ, ಸಂದು ಕಿತ್ತುಬರುತ್ತದೆ. ಈ ಒಂದೇ ಹೆಜ್ಜೆಯಲ್ಲಿ ಬೂಷ್ಟಿನ ಹೆಚ್ಚಿನ ಪಾಲು ಹೋಗಿರುತ್ತದೆ.

3. ಸೋಪು ಉಳಿಯದಂತೆ ತೊಳೆದು, ವೈಪರ್ ಅಥವಾ ಬಟ್ಟೆಯಿಂದ ನೀರು ತೆಗೆಯಿರಿ. ಮೈಮೇಲೆ ನೀರು ನಿಂತಿದ್ದರೆ ಮುಂದೆ ಹಾಕುವುದು ತೆಳುವಾಗುತ್ತದೆ.

4. ಆರಿಸಿದ ದ್ರವವನ್ನು ಕೆಳಗಿನಿಂದ ಮೇಲಕ್ಕೆ ಹಚ್ಚಿ. ಮೇಲಿನಿಂದ ಶುರುಮಾಡಿದರೆ ಧಾರೆ ಇಳಿದು ಗೋಡೆಯಲ್ಲಿ ಗೆರೆ ಬೀಳುತ್ತದೆ. ಬ್ಲೀಚನ್ನು ಸಿಂಪಡಿಸುವುದಕ್ಕಿಂತ ಸ್ಪಂಜಿನಿಂದ ಹಚ್ಚುವುದು ಒಳ್ಳೆಯದು, ಉಸಿರಿಗೆ ಹೋಗುವುದು ಕಡಿಮೆ.

5. ಹೊತ್ತು ಕೊಡಿ: ಬ್ಲೀಚ್ 10 ನಿಮಿಷ, ಪೆರಾಕ್ಸೈಡ್ 10ರಿಂದ 15, ಪರ್ಕಾರ್ಬೊನೇಟ್ 20ರಿಂದ 30, ವಿನೆಗರ್ 60. ಆ ಹೊತ್ತೆಲ್ಲ ಜಾಗ ಒದ್ದೆಯಾಗಿರಬೇಕು, ಒಣಗುತ್ತಾ ಬಂದರೆ ಮತ್ತೆ ಹಚ್ಚಿ.

6. ಮತ್ತೊಮ್ಮೆ ಉಜ್ಜಿ, ತೊಳೆದು, ಒಣ ಬಟ್ಟೆಯಿಂದ ಒರೆಸಿ. ನಲ್ಲಿ, ಕೊಳವೆ, ಸ್ಟೀಲ್ ಹಿಡಿಕೆಗಳನ್ನು ಎರಡು ಸಲ ತೊಳೆಯಿರಿ, ಬ್ಲೀಚ್ ಉಳಿದರೆ ಸ್ಟೀಲಿನಲ್ಲೂ ತುಕ್ಕಿನ ಗುಂಡಿ ಬೀಳುತ್ತದೆ. ಬಳಸಿದ ಬಟ್ಟೆ, ಕಾಗದವನ್ನು ಚೀಲಕ್ಕೆ ಹಾಕಿ ಕಟ್ಟಿ ಎಸೆಯಿರಿ.

7. ಫ್ಯಾನ್ ಹಾಕಿಟ್ಟು ಪೂರ್ತಿ ಒಣಗಿಸಿ. ಬೂಷ್ಟು ಹೋಗಿದೆಯೇ ಎಂದು ತೀರ್ಮಾನಿಸುವುದು ಒಣಗಿದ ಮೇಲೆಯೇ.

ಜಾಗಕ್ಕೆ ತಕ್ಕಂತೆ

ಟೈಲ್ಸ್ ಸಂದಿಗೆ ಪರ್ಕಾರ್ಬೊನೇಟ್ ಹಾಕುವಾಗ ಸ್ವಲ್ಪವೇ ಬಿಸಿನೀರಿನಲ್ಲಿ ಮಂದವಾಗಿ ಕಲಸಿ ಗೆರೆಯುದ್ದಕ್ಕೂ ಹಚ್ಚಿದರೆ ಜಾರುವುದಿಲ್ಲ. ಎರಡು ಸಲ ಮಾಡಿಯೂ ಕಲೆ ಉಳಿದರೆ ಆಗ ಬ್ಲೀಚ್. ಅದಕ್ಕೂ ಹೋಗದಿದ್ದರೆ ಆ ಸಂದನ್ನು ಎರಡು ಮೂರು ಮಿ.ಮೀ. ಆಳಕ್ಕೆ ಕೆರೆದು ಹೊಸದಾಗಿ ತುಂಬಿಸುವುದು ಸರಿ. ಪೂರ್ತಿ ಒಣಗಿದ ಸಂದಿಗೆ ಗ್ರೌಟ್ ಸೀಲರ್ (ಸಂದಿಗೆ ನೀರು ಇಳಿಯದಂತೆ ತಡೆಯುವ ಲೇಪ) ಹಚ್ಚಿ. ಒದ್ದೆಯಿದ್ದಾಗ ಹಚ್ಚಿದರೆ ತೇವವನ್ನು ಒಳಗೇ ಬಂಧಿಸಿದಂತೆ.

ಬೇಸಿನ್, ಟಬ್ ಅಂಚಿನ ಸಿಲಿಕೋನ್ ಪಟ್ಟಿ ಅತಿ ಹಟಮಾರಿ. ಬೆರಳಿನಿಂದ ತೀಡಿ ನೋಡಿ: ಚುಕ್ಕೆ ಮೇಲೇ ಇದ್ದರೆ ತುಸುವಾದರೂ ಮಸುಳುತ್ತದೆ. ಏನೂ ಆಗದೆ, ಗಾಜಿನ ಹಿಂದಿನ ಚಿತ್ರದ ಹಾಗೆ ಕಂಡರೆ ಬೂಷ್ಟು ಪಟ್ಟಿಯೊಳಗೋ ಹಿಂದೆಯೋ ಇದೆ. ಮೇಲಿದ್ದರೆ ಹತ್ತಿಯನ್ನು ಬತ್ತಿಯಂತೆ ಹೊಸೆದು, ಮೇಲಿನ ಪ್ರಮಾಣದ ಬ್ಲೀಚ್ ನೀರಿನಲ್ಲಿ ಅದ್ದಿ ಪಟ್ಟಿಯುದ್ದಕ್ಕೂ ಒತ್ತಿಟ್ಟು, ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ, ಮೂರು ನಾಲ್ಕು ಗಂಟೆ ಬಿಡಿ. ಬಾಗಿಲಿಗೆ ಚೀಟಿ ಅಂಟಿಸಿ, ಯಾರೂ ತಿಳಿಯದೆ ಒಳಗೆ ಹೋಗದಿರಲಿ. ವಿನೆಗರ್ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ಹಿಂದಿದ್ದರೆ ಪಟ್ಟಿ ಕಿತ್ತು ಹಾಕುವುದೇ ದಾರಿ. ಬ್ಲೇಡಿನಿಂದ ಎರಡೂ ಅಂಚು ಕೊಯ್ದು ಎಳೆದು ತೆಗೆಯಿರಿ, ಉಳಿದ ಚೂರನ್ನು ಪ್ಲಾಸ್ಟಿಕ್ ಕೆರೆಕದಿಂದ ಕೆರೆಯಿರಿ. ಒಂದು ತೆಳು ಪೊರೆ ಉಳಿದರೂ ಹೊಸ ಸಿಲಿಕೋನ್ ಅಲ್ಲಿ ಹಿಡಿಯುವುದಿಲ್ಲ. ತಳವನ್ನು ಬ್ಲೀಚ್ ನೀರಿನಿಂದ ಒರೆಸಿ, ತೊಳೆದು, ಕನಿಷ್ಠ 24 ಗಂಟೆ ಒಣಗಿಸಿ. ಒಣಗಿದ ಮೇಲೆಯೇ ಸ್ಪಿರಿಟ್‌ನಿಂದ ಜಿಡ್ಡು ತೆಗೆಯಬೇಕು, ಬ್ಲೀಚ್ ಹಸಿ ಇರುವಾಗ ಅಲ್ಲ. ಎರಡೂ ಬದಿಗೆ ಮಾಸ್ಕಿಂಗ್ ಟೇಪ್ ಹಾಕಿ, ಬೂಷ್ಟುನಿರೋಧಕ ಅಂಶವಿರುವ ಬಚ್ಚಲಿನ ಸಿಲಿಕೋನ್ ತುಂಬಿ, ಸೋಪು ನೀರಿನಲ್ಲಿ ಅದ್ದಿದ ಬೆರಳಿನಿಂದ ಒಂದೇ ಎಳೆತದಲ್ಲಿ ನುಣುಪು ಮಾಡಿ, ಹಸಿ ಇರುವಾಗಲೇ ಟೇಪ್ ತೆಗೆಯಿರಿ. ಟಬ್ ಆದರೆ ಸಿಲಿಕೋನ್ ಹಾಕುವ ಮೊದಲು ನೀರು ತುಂಬಿಸಿಡಿ: ಭಾರಕ್ಕೆ ಟಬ್ ಇಳಿದ ಸ್ಥಿತಿಯಲ್ಲೇ ಪಟ್ಟಿ ಗಟ್ಟಿಯಾದರೆ ಆಮೇಲೆ ಬಿರುಕು ಬಿಡುವುದಿಲ್ಲ. 24 ಗಂಟೆ ನೀರು ತಾಗಿಸಬೇಡಿ.

ಚಾವಣಿಗೆ ಬ್ಲೀಚ್ ಬೇಡ, ಮುಖದ ಮೇಲೆ ತೊಟ್ಟಿಕ್ಕುತ್ತದೆ. ಬಟ್ಟೆಯನ್ನು ಸೋಪು ನೀರಿನಲ್ಲಿ ಹಿಂಡಿ ಒರೆಸಿ, ತೊಳೆದ ಬಟ್ಟೆಯಿಂದ ಸೋಪು ತೆಗೆದು, ಪೆರಾಕ್ಸೈಡ್ ಅಥವಾ ಬೆನ್ಜಾಲ್ಕೋನಿಯಂ ಹಚ್ಚಿ. ಎರಡು ದಿನ ಒಣಗಿಸಿ. ಉಳಿದ ಕಲೆಗೆ ಕಲೆ ತಡೆಯುವ ಪ್ರೈಮರ್, ಅದರ ಮೇಲೆ ಬೂಷ್ಟುನಿರೋಧಕ ಬಣ್ಣ. ಬೂಷ್ಟಿನ ಮೇಲೆಯೇ ಬಣ್ಣ ಬಳಿದರೆ ಅದು ಪೊರೆಯಾಗಿ ಸುಲಿದು ಬರುತ್ತದೆ. ಜಿಪ್ಸಂ ಹಲಗೆಯನ್ನು ಹೆಬ್ಬೆರಳಿನಿಂದ ಒತ್ತಿದಾಗ ಮೆತ್ತಗಿದ್ದರೆ ಅದನ್ನು ಶುಚಿ ಮಾಡಲಾಗದು, ಗಟ್ಟಿ ಒಣ ಭಾಗ ಸಿಗುವವರೆಗೆ ಕತ್ತರಿಸಿ ಬದಲಿಸಬೇಕು.

ಅಮೃತಶಿಲೆಯ ಮೇಲೆ ಆಮ್ಲವೂ ಬೇಡ, ಬ್ಲೀಚೂ ಬೇಡ. ಸೌಮ್ಯ ಸೋಪು ನೀರು, ಆಮೇಲೆ ಪೆರಾಕ್ಸೈಡ್. ಗಾಢ ಬಣ್ಣದ ಕಲ್ಲಾದರೆ ಕಾಣದ ಮೂಲೆಯಲ್ಲಿ ಮೊದಲು ಪರೀಕ್ಷಿಸಿ. ಪ್ಲಾಸ್ಟಿಕ್ ಪರದೆಯನ್ನು ವಾಷಿಂಗ್ ಮಷಿನ್‌ನಲ್ಲಿ ಡಿಟರ್ಜೆಂಟ್ ಜೊತೆ ಅರ್ಧ ಲೋಟ ಅಡುಗೆ ಸೋಡಾ ಹಾಕಿ, ಎರಡು ಟವೆಲ್ ಸೇರಿಸಿ ಒಗೆಯಿರಿ, ಟವೆಲ್ ಉಜ್ಜುವ ಕೆಲಸ ಮಾಡುತ್ತದೆ. ಮರದ ಬಾಗಿಲಿಗೆ ಬಿಳಿಗಾರ ಅಥವಾ ಪೆರಾಕ್ಸೈಡ್, ಒಣಗಿದ ಮೇಲೆ ನವಿರು ಮರಳುಕಾಗದ ತೀಡಿ ವಾರ್ನಿಷ್. ಬಾಗಿಲಿನ ಕೆಳ ಅಂಚಿಗೂ ಹಚ್ಚಿ, ನೀರು ಹೀರುವುದು ಆ ಕಾಣದ ಅಂಚೇ.

ವಾಪಸ್ ಬಂದರೆ

ಒಂದು ತಿಂಗಳೊಳಗೆ ಅದೇ ಜಾಗದಲ್ಲಿ ಬಂದರೆ ದ್ರವ ಬದಲಿಸುವ ಮೊದಲು ಗಾಳಿಯನ್ನು ನೋಡಿ. ಬಚ್ಚಲಿನ ತೇವಾಂಶ ಹೆಚ್ಚು ಹೊತ್ತು ಶೇ. 60ಕ್ಕಿಂತ ಕೆಳಗಿದ್ದರೆ ಬೂಷ್ಟು ಬೆಳೆಯುವುದು ಕಷ್ಟ. ತೇವಾಂಶ ಅಳೆಯುವ ಒಂದು ಸಣ್ಣ ಹೈಗ್ರೋಮೀಟರ್ ತೂಗುಹಾಕಿ, ಸ್ನಾನವಾಗಿ ಒಂದು ಗಂಟೆಯ ಮೇಲೂ 70-80 ತೋರಿಸುತ್ತಿದ್ದರೆ ಗಾಳಿ ಹೊರಹೋಗುತ್ತಿಲ್ಲ. ಸ್ನಾನ ಮುಗಿದ ಕೂಡಲೇ ವೈಪರ್‌ನಿಂದ ಗೋಡೆ, ನೆಲದ ನೀರು ಎಳೆಯಿರಿ. ಎರಡು ನಿಮಿಷದ ಕೆಲಸ, ಯಾವ ದ್ರವಕ್ಕಿಂತಲೂ ಹೆಚ್ಚು ಫಲ ಕೊಡುವುದು ಇದೇ. ಫ್ಯಾನ್ 20ರಿಂದ 30 ನಿಮಿಷ ಓಡಲಿ. ಒದ್ದೆ ಟವೆಲ್ ಬಚ್ಚಲೊಳಗೆ ಒಣಗಿಸಬೇಡಿ.

ಮೂರು ಅಡಿ ಉದ್ದ, ಮೂರು ಅಡಿ ಅಗಲಕ್ಕಿಂತ ಹೆಚ್ಚು ಹರಡಿದ್ದರೆ, ಕೊಳಚೆ ನೀರು ನುಗ್ಗಿದ್ದರೆ, ಗೋಡೆಯೊಳಗಿಂದ ಮುಗ್ಗಲು ವಾಸನೆ ಬರುತ್ತಿದ್ದರೆ ಅನುಭವವಿರುವವರಿಗೆ ಒಪ್ಪಿಸಿ. ಆ ಅಳತೆಯ ಮಿತಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯದು. ಉಬ್ಬಸ, ಶ್ವಾಸಕೋಶದ ಕಾಯಿಲೆ ಅಥವಾ ರೋಗನಿರೋಧಕ ಶಕ್ತಿ ಕುಗ್ಗಿದವರು ಚಿಕ್ಕ ಕಲೆಯನ್ನೂ ತಾವೇ ಉಜ್ಜಬಾರದು.

ಫ್ಯಾನ್ ತಿರುಗುತ್ತಿದೆ ಎಂದ ಮಾತ್ರಕ್ಕೆ ಗಾಳಿ ಎಳೆಯುತ್ತಿದೆ ಎಂದಲ್ಲ. ಬಾಗಿಲು ಮುಚ್ಚಿ, ಫ್ಯಾನ್ ಹಾಕಿ, ಒಂದು ಪದರ ಟಿಶ್ಯೂ ಕಾಗದವನ್ನು ಅದರ ಜಾಲರಿಗೆ ಹಿಡಿದು ಕೈ ಬಿಡಿ. ಅಂಟಿಕೊಂಡು ನಿಂತರೆ ಸರಿ. ಬಿದ್ದರೆ ಜಾಲರಿ ಬಿಚ್ಚಿ ಧೂಳು ತೊಳೆಯಿರಿ, ಫ್ಯಾನಿನ ಹಿಂಬದಿಯ ಮುಚ್ಚಳದ ರೆಕ್ಕೆ ತೆರೆದುಕೊಳ್ಳುತ್ತಿದೆಯೇ ನೋಡಿ. ಆಮೇಲೂ ಬಿದ್ದರೆ ಬಾಗಿಲು ಒಂದು ಬೆರಳಷ್ಟು ತೆರೆದು ಮತ್ತೆ ಹಿಡಿಯಿರಿ: ಈಗ ನಿಂತಿತೆಂದರೆ ಒಳಗೆ ಗಾಳಿ ಬರಲು ದಾರಿಯೇ ಇರಲಿಲ್ಲ, ಬಾಗಿಲಿನ ಕೆಳಗೆ ಒಂದೆರಡು ಸೆಂ.ಮೀ. ಸಂದು ಬಿಡಿಸಬೇಕು.